ಕಿಲಿಮಂಜಾರೋ ಮತ್ತು ಸಫಾರಿ ಒಂದೇ ಪ್ರವಾಸದಲ್ಲಿ: ಯಾವ ಮಾತ್ರೆ, ಯಾವ ದಾರಿ, ಯಾವುದು ಮೊದಲು?

ಟಾಂಜಾನಿಯಾಕ್ಕೆ ಹೊರಟ ನಮ್ಮವರಲ್ಲಿ ಹೆಚ್ಚಿನವರು ಒಂದೇ ಸಲಕ್ಕೆ ಮೂರು ಆಸೆ ತೀರಿಸಿಕೊಂಡು ಬರುತ್ತಾರೆ. ಕಿಲಿಮಂಜಾರೋ ಹತ್ತಬೇಕು, ಸೆರೆಂಗೆಟಿಯಲ್ಲಿ ಸಿಂಹ ನೋಡಬೇಕು, ಕೊನೆಗೆ ಜಾಂಜಿಬಾರ್ ಕಡಲತೀರದಲ್ಲಿ ಕಾಲು ಚಾಚಿ ಕೂರಬೇಕು. ವಿಮಾನದ ಖರ್ಚು ನೋಡಿದರೆ ಇದು ಸರಿಯಾದ ಲೆಕ್ಕವೇ. ಆದರೆ ದೇಹಕ್ಕೆ ಇವು ಬೇರೆ ಬೇರೆ ಪ್ರವಾಸಗಳು. ಕೆಳಗೆ ಮಲೇರಿಯಾ, ಮೇಲೆ ಗಾಳಿಯ ಕೊರತೆ. 5,895 ಮೀಟರ್ ಎತ್ತರದ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಸುಮಾರು ಅರ್ಧ ಅಷ್ಟೇ.

ಎರಡಕ್ಕೂ ಮಾತ್ರೆಗಳಿವೆ, ಒಂದೊಂದಕ್ಕೂ ಎರಡು ಮೂರು ಆಯ್ಕೆ ಇದೆ. ಯಾವುದು ಒಳ್ಳೆಯದು ಅಂತ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಒಂದೇ: ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ, ಅದು ಎಷ್ಟು ಎತ್ತರದಲ್ಲಿದೆ? ಟೂರ್ ಕಂಪನಿ ಕೊಟ್ಟ ಕಾರ್ಯಕ್ರಮದ ಪಟ್ಟಿಯಲ್ಲಿ ಹಗಲು ಏನು ನೋಡುತ್ತೀರಿ ಅನ್ನುವುದೇ ದೊಡ್ಡದಾಗಿ ಇರುತ್ತದೆ. ಔಷಧಿಗೆ ಬೇಕಾದದ್ದು ರಾತ್ರಿಯ ಕಾಲಂ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಎತ್ತರದ ಕಾಯಿಲೆಯಲ್ಲೂ (ಗಾಳಿ ತೆಳುವಾದ ಜಾಗದಲ್ಲಿ ತಲೆನೋವು, ಓಕರಿಕೆ, ಸುಸ್ತು ಬರುವುದು) ಹಗಲು ಎಷ್ಟು ಎತ್ತರ ಮುಟ್ಟಿಬಂದಿರಿ ಅನ್ನುವುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. ಹಾಗಾಗಿ ಒಂದು ಹಾಳೆ ತೆಗೆದುಕೊಂಡು ದಿನಾಂಕ, ಮಲಗುವ ಜಾಗ, ಎತ್ತರ ಅಂತ ಬರೆದುಕೊಳ್ಳಿ. ಡಾಕ್ಟರ ಹತ್ತಿರ ಹೋಗುವಾಗ ಅದನ್ನೇ ತೆಗೆದುಕೊಂಡು ಹೋಗಿ. ಡೋಸು ಹೇಳಬೇಕಾದವರು ಅವರೇ. ಕೆಳಗಿನ ಅಂಕಿಗಳು ಅವರ ಜೊತೆ ಮಾತಾಡಲು ಅನುಕೂಲ ಆಗಲಿ ಅಂತ.

ಮಲೇರಿಯಾಕ್ಕೆ ಮೂರು ಮಾತ್ರೆ

ಟಾಂಜಾನಿಯಾದಲ್ಲಿ ಸುಮಾರು 1,800 ಮೀಟರ್‌ಗಿಂತ ಕೆಳಗೆ ಎಲ್ಲಿ ಮಲಗಿದರೂ ಮಲೇರಿಯಾದ ಅಪಾಯ ಇದೆ ಅಂತ ಇಟ್ಟುಕೊಳ್ಳಬೇಕು. ಕಿಲಿಮಂಜಾರೋ ಬುಡದ ಮೋಶಿ ಪಟ್ಟಣ ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟೇ ಎತ್ತರ, ಅರೂಷಾ 1,400 ಮೀಟರ್ ಆಸುಪಾಸು. ಎರಡೂ ಲೆಕ್ಕಕ್ಕೆ ಬಂದವು. ಜಾಂಜಿಬಾರ್‌ನಲ್ಲಿ ಮಲೇರಿಯಾ ತುಂಬ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಗೊರೊಂಗೊರೊ ಕುಳಿಯ ಅಂಚಿನ ಹೋಟೆಲುಗಳು ಸುಮಾರು 2,300 ಮೀಟರ್‌ನಲ್ಲಿವೆ. ಅಲ್ಲಿ ಸೊಳ್ಳೆಗಿಂತ ಚಳಿಯದ್ದೇ ಚಿಂತೆ.

"ನಾವು ಮಂಗಳೂರಿನವರು, ಮಲೇರಿಯಾ ನಮಗೆ ಹೊಸದೇ?" ಅನ್ನುವವರು ಸಿಗುತ್ತಾರೆ. ಕಟ್ಟಡ ಕೆಲಸ ಜೋರಾಗಿದ್ದ ಕಾಲದಲ್ಲಿ ಮಂಗಳೂರಿನಲ್ಲಿ ಮಲೇರಿಯಾ ಮನೆಮನೆಯ ಮಾತಾಗಿತ್ತು, ನಿಜ. ಆದರೆ ಅಲ್ಲಿ ಜಾಸ್ತಿ ಇದ್ದದ್ದು ವೈವಾಕ್ಸ್ ಅನ್ನುವ ಜಾತಿಯ ಮಲೇರಿಯಾ. ಟಾಂಜಾನಿಯಾದಲ್ಲಿ ಹೆಚ್ಚಿನದು ಫಾಲ್ಸಿಪಾರಮ್, ಪ್ರಾಣಕ್ಕೆ ಎರವಾಗುವ ಜಾತಿ. ಹಿಂದೆ ಯಾವಾಗಲೋ ಬಂದ ಜ್ವರ ಅದಕ್ಕೆ ರಕ್ಷೆ ಆಗುವುದಿಲ್ಲ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕ್ಲೋರೋಕ್ವಿನ್ ಕೂಡ ಅಲ್ಲಿಯ ಫಾಲ್ಸಿಪಾರಮ್ ಮೇಲೆ ನಡೆಯುವುದಿಲ್ಲ. ಮನೆಯಲ್ಲಿ ಉಳಿದಿದ್ದ ಆ ಮಾತ್ರೆಯನ್ನು ಬ್ಯಾಗಿಗೆ ಹಾಕಿಕೊಂಡು ಹೋಗುವುದು ಸುಮ್ನೆ ಭಾರ.

ಉಳಿದದ್ದು ಮೂರು. ಮೊದಲನೆಯದು ಅಟೊವಾಕೋನ್-ಪ್ರೊಗ್ವಾನಿಲ್, ಮಲರೋನ್ ಅನ್ನುವ ಹೆಸರಿನಲ್ಲಿ ಪ್ರಸಿದ್ಧ. ದಿನಕ್ಕೊಂದು. ಹೋಗುವ ಒಂದೆರಡು ದಿನ ಮೊದಲು ಶುರು, ಮಲೇರಿಯಾ ಜಾಗ ಬಿಟ್ಟಮೇಲೆ 7 ದಿನ ಮುಂದುವರಿಕೆ. ಎರಡನೆಯದು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ. ಇದೂ ದಿನಕ್ಕೊಂದು, ಶುರು ಮಾಡುವುದೂ ಹಾಗೆಯೇ, ಆದರೆ ಹಿಂತಿರುಗಿದ ಮೇಲೆ 4 ವಾರ ನುಂಗಬೇಕು. ಮೂರನೆಯದು ಮೆಫ್ಲೋಕ್ವಿನ್. ವಾರಕ್ಕೊಂದು, ಎರಡು ವಾರ ಮೊದಲೇ ಶುರು, ಬಂದ ಮೇಲೆ 4 ವಾರ. ಎರಡು ವಾರದ ಪ್ರವಾಸಕ್ಕೆ ಲೆಕ್ಕ ಹಾಕಿದರೆ ಮೊದಲನೆಯದು 23 ಮಾತ್ರೆ, ಎರಡನೆಯದು 44, ಮೂರನೆಯದು 8.

ಮಾತ್ರೆಯ ಎಣಿಕೆ ನೋಡಿ ಮೆಫ್ಲೋಕ್ವಿನ್ ಕಡೆ ಮನಸ್ಸು ಹೋಗಬಹುದು. ಬೆಟ್ಟ ಹತ್ತುವವರಿಗೆ ನಾನು ಅದನ್ನು ಕೊನೆಗೆ ಇಡುತ್ತೇನೆ. ತಲೆಸುತ್ತು, ನಿದ್ದೆಗೇಡು, ಕೆಟ್ಟ ಕನಸು, ಕೆಲವರಿಗೆ ವಿಪರೀತ ಆತಂಕ ಇದರ ಅಡ್ಡಪರಿಣಾಮಗಳು. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದರ ಮೇಲೆ ತನ್ನ ಅತಿ ಗಂಭೀರ ಎಚ್ಚರಿಕೆಯನ್ನು ಹಾಕಿಸಿತು. ಖಿನ್ನತೆ, ಫಿಟ್ಸ್ ಇದ್ದವರಿಗೆ ಇದು ಸಲ್ಲದು. ಅದಕ್ಕಿಂತ ಮುಖ್ಯವಾಗಿ, 4,000 ಮೀಟರ್‌ನಲ್ಲಿ ತಲೆ ತಿರುಗಿದಾಗ ಅದು ಮಾತ್ರೆಯದೋ ಎತ್ತರದ್ದೋ ಹೇಗೆ ಹೇಳುವುದು? ಆ ಗೊಂದಲ ಅಲ್ಲಿ ಬೇಡವೇ ಬೇಡ. ಬಸುರಿಯರಿಗೆ ಹೋಗಲೇಬೇಕಾದ ಸಂದರ್ಭ ಬಂದರೆ ಮಾತ್ರ ಡಾಕ್ಟರು ಇದನ್ನೇ ಆರಿಸಬಹುದು, ಯಾಕಂದರೆ ಉಳಿದೆರಡು ಅವರಿಗೆ ಆಗುವುದಿಲ್ಲ.

ಡಾಕ್ಸಿಸೈಕ್ಲಿನ್ ಅಗ್ಗ, ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಬರೀ ಸಫಾರಿಗೆ ಹೋಗುವವರಿಗೆ, ಶಿಸ್ತಾಗಿ ನಾಲ್ಕು ವಾರ ನುಂಗುವವರಿಗೆ ತಕರಾರಿಲ್ಲ. ಬೆಟ್ಟಕ್ಕೆ ಇದರ ಎರಡು ದೋಷ ಎದ್ದು ಕಾಣುತ್ತವೆ. ಒಂದು, ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಕಿಲಿಮಂಜಾರೋ ಭೂಮಧ್ಯರೇಖೆಗೆ ಹತ್ತಿರ, ಮೇಲೆ ಗಾಳಿ ತೆಳು, ಬಿಸಿಲು ಹಾಗೇ ಹೊಡೆಯುತ್ತದೆ. ಮೂಗು, ಕಿವಿ, ಕೈಯ ಹಿಂಭಾಗ ಕೆಂಪಾಗಿ ಉರಿಯುತ್ತವೆ. ಎರಡು, ಇದನ್ನು ನುಂಗಿ ತಕ್ಷಣ ಮಲಗಬಾರದು. ಒಂದು ಲೋಟ ತುಂಬ ನೀರು ಕುಡಿದು ಸ್ವಲ್ಪ ಹೊತ್ತು ನೆಟ್ಟಗೆ ಕೂತಿರಬೇಕು, ಇಲ್ಲದಿದ್ದರೆ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡುತ್ತದೆ. ಸಂಜೆ ಆರಕ್ಕೇ ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿಕೊಳ್ಳುವ ಜಾಗದಲ್ಲಿ ಇದು ಕಷ್ಟ. ಎಂಟು ವರ್ಷದೊಳಗಿನ ಮಕ್ಕಳಿಗೂ ಇದನ್ನು ಕೊಡುವುದಿಲ್ಲ.

ಹಾಗಾಗಿ ಬೆಟ್ಟ ಮತ್ತು ಸಫಾರಿ ಎರಡೂ ಇರುವವರಿಗೆ ನನ್ನ ಮತ ಅಟೊವಾಕೋನ್-ಪ್ರೊಗ್ವಾನಿಲ್‌ಗೆ. ಬೆಲೆ ಜಾಸ್ತಿ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಮೊದಲೇ ಹೇಳಿ ತರಿಸಬೇಕು. ಕಿಡ್ನಿ ತೊಂದರೆ ಜೋರಾಗಿದ್ದವರಿಗೆ ಆಗದು. ಇನ್ನೊಂದು ಸಣ್ಣ ಹಟ ಇದಕ್ಕೆ: ಜಿಡ್ಡಿರುವ ಊಟದ ಜೊತೆ ಅಥವಾ ಹಾಲಿನ ಜೊತೆ ತೆಗೆದುಕೊಂಡರೆ ಮಾತ್ರ ಮೈಗೆ ಸರಿಯಾಗಿ ಹತ್ತುತ್ತದೆ. ಎತ್ತರದಲ್ಲಿ ಹಸಿವು ಸಾಯುತ್ತದೆ. ರಾತ್ರಿಯ ಊಟ ನಂಬಬೇಡಿ, ಬೆಳಗಿನ ಗಂಜಿಯ ಜೊತೆ, ಒಂದು ಚಮಚ ಕಡಲೆಕಾಯಿ ಬೆಣ್ಣೆ ಹಾಕಿಕೊಂಡು ನುಂಗಿಬಿಡಿ.

"ಬೆಟ್ಟದ ಮೇಲೆ ಸೊಳ್ಳೆ ಇಲ್ಲವಲ್ಲ, ಆ ಒಂದು ವಾರ ಬಿಡಬಹುದಾ?" ಬಿಡಬಾರದು. ಮೋಶಿಯಲ್ಲಿ ಕಚ್ಚಿಸಿಕೊಂಡ ರೋಗಾಣು ಆ ವಾರ ಲಿವರಿನಲ್ಲಿ ಬೆಳೆಯುತ್ತಿರುತ್ತದೆ.

ಯಾವ ಮಾತ್ರೆಯೂ ಸೊಳ್ಳೆ ಪರದೆಗೆ ಬದಲಿ ಅಲ್ಲ. ಡೀಟ್ ಅನ್ನುವ ಸೊಳ್ಳೆ ಓಡಿಸುವ ರಾಸಾಯನಿಕ 20ರಿಂದ 50 ಶೇಕಡಾ ಇರುವ ಲೇಪ, ಉದ್ದ ತೋಳು, ಔಷಧಿ ಅದ್ದಿದ ಪರದೆ ಇರಲಿ. ಸನ್‌ಸ್ಕ್ರೀನ್ ಮೊದಲು, ಸೊಳ್ಳೆ ಲೇಪ ಅದರ ಮೇಲೆ. ಸಫಾರಿಗೆ ಕಡುನೀಲಿ, ಕಪ್ಪು ಬಟ್ಟೆ ಬೇಡ: ರಕ್ತ ಹೀರುವ ತ್ಸೆತ್ಸೆ ನೊಣಕ್ಕೆ ಆ ಬಣ್ಣಗಳೆಂದರೆ ಇಷ್ಟ. ಅಲ್ಲಿ ಅದನ್ನು ಹಿಡಿಯಲು ಕಟ್ಟುವ ಬೋನುಗಳೂ ನೀಲಿ ಕಪ್ಪು ಬಟ್ಟೆಯವೇ.

ಬೆಟ್ಟಕ್ಕೆ ಮೊದಲು ದಾರಿ, ಆಮೇಲೆ ಮಾತ್ರೆ

ಕುಮಾರಪರ್ವತ ಹತ್ತಿ ಅಭ್ಯಾಸ ಮಾಡಿಕೊಂಡವರು ಧೈರ್ಯದಿಂದ ಹೊರಡುತ್ತಾರೆ. ಕಾಲಿಗೆ ಅದು ಒಳ್ಳೆಯ ತಯಾರಿಯೇ. ಆದರೆ ಕುಮಾರಪರ್ವತ 1,712 ಮೀಟರ್. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಕೂಡ 2,000 ಮುಟ್ಟುವುದಿಲ್ಲ. ಎತ್ತರದ ಕಾಯಿಲೆ ಶುರುವಾಗುವುದೇ 2,500 ದಾಟಿದ ಮೇಲೆ. ಕರ್ನಾಟಕದಲ್ಲಿ ಎಷ್ಟು ಹತ್ತಿ ಇಳಿದರೂ ಉಸಿರಿಗೆ ಆ ಪಾಠ ಸಿಗುವುದಿಲ್ಲ. ಗಟ್ಟಿಮುಟ್ಟಾಗಿರುವವರಿಗೆ ಇದು ಬರುವುದಿಲ್ಲ ಅನ್ನುವುದೂ ಸುಳ್ಳು. ಜೋರಾಗಿ ನಡೆಯುವ ಹುಡುಗರೇ ಎಷ್ಟೋ ಸಲ ಮೊದಲು ಬೀಳುತ್ತಾರೆ.

ಪರ್ವತ ವೈದ್ಯರು ಹೇಳುವ ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಅದೇ ಎತ್ತರದಲ್ಲಿ ಉಳಿಯಬೇಕು. ಈ ನಿಯಮವನ್ನು ಕಿಲಿಮಂಜಾರೋ ದಾರಿಗಳ ಮೇಲೆ ಇಟ್ಟು ನೋಡಿ.

ಮರಂಗು ದಾರಿಯಲ್ಲಿ ಟೆಂಟ್ ಬೇಡ, ಮರದ ಗುಡಿಸಲುಗಳಲ್ಲಿ ಮಂಚ ಇರುತ್ತದೆ. ಐದು ದಿನದ ಕಾರ್ಯಕ್ರಮದಲ್ಲಿ ಮೊದಲ ರಾತ್ರಿ ಮಂಡಾರಾ 2,720, ಎರಡನೆಯದು ಹೊರೊಂಬೊ 3,720, ಮೂರನೆಯದು ಕಿಬೊ 4,720. ದಿನಕ್ಕೆ ಸಾವಿರ ಮೀಟರ್, ಹೇಳಿದ ಮಿತಿಯ ಎರಡು ಪಟ್ಟು! ಕಿಬೊದಲ್ಲೂ ಪೂರ್ತಿ ಮಲಗಲು ಬಿಡುವುದಿಲ್ಲ, ಮಧ್ಯರಾತ್ರಿಯ ಹೊತ್ತಿಗೆ ಎಬ್ಬಿಸಿ ತುದಿಗೆ ಹೊರಡಿಸುತ್ತಾರೆ. ಅದೇ ಮರಂಗು ದಾರಿಯನ್ನು ಆರು ದಿನಕ್ಕೆ ತೆಗೆದುಕೊಂಡರೆ ಹೊರೊಂಬೊದಲ್ಲಿ ಇನ್ನೊಂದು ರಾತ್ರಿ ಸಿಗುತ್ತದೆ. ಅಷ್ಟರಿಂದಲೇ ತುಂಬ ವ್ಯತ್ಯಾಸ ಆಗುತ್ತದೆ.

ಮಚಾಮೆ ದಾರಿ ಏಳು ದಿನದ್ದಾದರೆ ಇನ್ನೂ ಒಳ್ಳೆಯದು. ಅದರಲ್ಲಿ ಒಂದು ದಿನ 4,600 ಮೀಟರ್‌ನ ಲಾವಾ ಟವರ್ ಮುಟ್ಟಿ, ಮಲಗುವುದಕ್ಕೆ 4,000ದ ಹತ್ತಿರದ ಬರಾಂಕೊಗೆ ಇಳಿಯುತ್ತೀರಿ. ಮರುದಿನ ಕರಂಗಾ, ಅದೂ ಸುಮಾರು ಅಷ್ಟೇ ಎತ್ತರ. ಆಮೇಲೆ ಬರಾಫು, 4,673. ಲೆಮೊಶೊ ದಾರಿ ಎಂಟು ದಿನಕ್ಕೆ ಸಿಕ್ಕರೆ ಮೊದಲ ದಿನಗಳ ಏರಿಕೆ ಇನ್ನಷ್ಟು ನಿಧಾನ. ಯಾವುದೂ 500ರ ನಿಯಮವನ್ನು ಪೂರ್ತಿ ಪಾಲಿಸುವುದಿಲ್ಲ, ಇದ್ದುದರಲ್ಲಿ ಇವು ಮೇಲು. ಪಾರ್ಕಿನ ಶುಲ್ಕ ದಿನದ ಲೆಕ್ಕ, ಹಾಗಾಗಿ ಒಂದು ದಿನ ಹೆಚ್ಚಿದರೆ ದುಡ್ಡೂ ಹೆಚ್ಚು. ಆದರೂ ಉಳಿತಾಯ ಮಾಡಬೇಕಿದ್ದರೆ ಜಾಂಜಿಬಾರ್ ರೆಸಾರ್ಟಿನಲ್ಲಿ ಮಾಡಿ, ಇಲ್ಲಿ ಬೇಡ.

ಇನ್ನು ಮಾತ್ರೆ. ಅಸಿಟಜೋಲಮೈಡ್, ಅಂದರೆ ಡಯಾಮಾಕ್ಸ್, ಕಾಯಿಲೆಯನ್ನು ಮುಚ್ಚಿಡುತ್ತದೆ ಅನ್ನುವ ಮಾತು ಬಹಳ ಕೇಳಿದ್ದೇನೆ. ಹಾಗಲ್ಲ. ಅದು ಮೂತ್ರದಲ್ಲಿ ಬೈಕಾರ್ಬನೇಟ್ ಹೊರಹಾಕಿಸುತ್ತದೆ, ರಕ್ತ ಸ್ವಲ್ಪ ಆಮ್ಲೀಯ ಆಗುತ್ತದೆ, ಆಗ ದೇಹ ತಾನಾಗಿ ಹೆಚ್ಚು ಉಸಿರಾಡುತ್ತದೆ. ನಿಧಾನಕ್ಕೆ ಆಗಬೇಕಾಗಿದ್ದ ಹೊಂದಾಣಿಕೆ ಬೇಗ ಆಗುತ್ತದೆ. ತಡೆಗೆ ಸಾಮಾನ್ಯ ಡೋಸು 125 ಮಿಲಿಗ್ರಾಂ, ಹನ್ನೆರಡು ಗಂಟೆಗೊಮ್ಮೆ, ಹತ್ತುವ ಹಿಂದಿನ ದಿನದಿಂದ. ನಮ್ಮಲ್ಲಿ ಸಿಗುವುದು 250ರ ಮಾತ್ರೆ, ಅರ್ಧ ಮಾಡಬೇಕು. ಚಳಿಯಲ್ಲಿ ಮರಗಟ್ಟಿದ ಬೆರಳಿನಲ್ಲಿ ಮುರಿಯಲು ಹೋದರೆ ಒಂದು ತುಂಡು ಟೆಂಟಿನ ಮೂಲೆಗೆ ಹಾರುತ್ತದೆ. ಮನೆಯಲ್ಲೇ ಮುರಿದು ಡಬ್ಬಿಗೆ ಹಾಕಿಕೊಳ್ಳಿ. ಎರಡನೇ ಡೋಸನ್ನು ಮಲಗುವ ಹೊತ್ತಿಗೆ ಇಟ್ಟುಕೊಳ್ಳದೆ ಸಂಜೆ ಬೇಗ ಮುಗಿಸಿ. ಮೂತ್ರ ಜಾಸ್ತಿ ಬರುತ್ತದೆ, ಮೈನಸ್ ಡಿಗ್ರಿಯಲ್ಲಿ ರಾತ್ರಿ ಎರಡಕ್ಕೆ ಎದ್ದು ಜಿಪ್ ಎಳೆಯುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಬೆರಳ ತುದಿ, ತುಟಿ ಜುಮ್ಮೆನ್ನುವುದು, ಸೋಡಾ ಸಪ್ಪೆಯಾಗುವುದು ಇದರ ಮಾಮೂಲಿ ಗುಣ, ಹೆದರಬೇಡಿ. ಹೊರಡುವ ಕೆಲವು ವಾರ ಮೊದಲು ಮನೆಯಲ್ಲಿ ಒಂದೆರಡು ದಿನ ತೆಗೆದುಕೊಂಡು ನೋಡುವುದು ಜಾಣತನ. ಸಲ್ಫಾ ಔಷಧಿಗೆ ಜೋರು ಅಲರ್ಜಿ ಆಗಿದ್ದರೆ, ಕಿಡ್ನಿ ಕಲ್ಲು ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮೇಲೆ ಹೇಳಿದ ಮೂರು ಮಲೇರಿಯಾ ಮಾತ್ರೆಗಳಲ್ಲಿ ಯಾವುದನ್ನು ತೆಗೆದುಕೊಳ್ಳುತ್ತಿದ್ದೀರಿ ಅನ್ನುವುದನ್ನೂ ಹೇಳಿ.

ಎಲ್ಲರಿಗೂ ಡಯಾಮಾಕ್ಸ್ ಬೇಕಾ? ಎಂಟು ದಿನದ ಲೆಮೊಶೊಗೆ, ಹಿಂದೆ 4,000 ದಾಟಿ ಆರಾಮಾಗಿದ್ದವರಿಗೆ, ಜೇಬಿನಲ್ಲಿದ್ದರೆ ಸಾಕು ಅನ್ನಬಹುದು. ಆರು ದಿನದೊಳಗಿನ ಯಾವ ದಾರಿಗಾದರೂ ನಾನಾದರೆ ಮೊದಲಿನಿಂದಲೇ ತೆಗೆದುಕೊಳ್ಳುತ್ತೇನೆ.

ಡೆಕ್ಸಾಮೆಥಾಸೋನ್ ಬೇರೆಯೇ ಕಥೆ. ಇದು ಸ್ಟಿರಾಯ್ಡ್. ಲಕ್ಷಣ ತಗ್ಗಿಸುತ್ತದೆ, ಎತ್ತರಕ್ಕೆ ಹೊಂದಿಸುವುದಿಲ್ಲ. ನಿಲ್ಲಿಸಿದ ಕೂಡಲೇ ಕಾಯಿಲೆ ಮರಳಿ ಬರಬಹುದು, ಶುಗರ್ ಇದ್ದವರಿಗೆ ಸಕ್ಕರೆ ಏರುತ್ತದೆ. ಮಿದುಳು ಊದಿಕೊಂಡವರನ್ನು ಕೆಳಗಿಳಿಸುವಾಗ ಕೊಡುವ ತುರ್ತು ಔಷಧಿ ಅಂತಲೇ ಇದನ್ನು ನೋಡಬೇಕು. ತುದಿ ಮುಟ್ಟುವ ಆಸೆಗೆ ಇದನ್ನು ನುಂಗಿ ಮೇಲೆ ಹೋಗುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ನಿಫೆಡಿಪಿನ್ ಹಿಂದೆ ಎತ್ತರದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿದ್ದವರಿಗೆ, ಡಾಕ್ಟರು ಹೇಳಿದರೆ ಮಾತ್ರ. ಬರೀ ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ, ಅವು ರಾತ್ರಿಯ ಉಸಿರನ್ನು ಕುಗ್ಗಿಸುತ್ತವೆ.

ನಮ್ಮವರು ಅಮರನಾಥ, ಮಾನಸ ಸರೋವರದ ಯಾತ್ರೆಯಿಂದ ಕಲಿತು ತರುವ ಎರಡು ವಸ್ತು ಇವೆ: ಕರವಸ್ತ್ರದಲ್ಲಿ ಕಟ್ಟಿದ ಕರ್ಪೂರ, ಮತ್ತೆ ಕೋಕಾ ಅನ್ನುವ ಹೋಮಿಯೋಪತಿ ಗುಳಿಗೆ. ಕರ್ಪೂರ ಮೂಸಿದರೆ ಮೂಗು ತೆರೆದಂತೆ ಅನಿಸುತ್ತದೆ, ರಕ್ತದ ಆಮ್ಲಜನಕ ಏರುವುದಿಲ್ಲ. ಗುಳಿಗೆಯಿಂದ ಪ್ರಯೋಜನ ಇದೆ ಅನ್ನುವುದಕ್ಕೆ ಪುರಾವೆ ಇಲ್ಲ. ಮನಸ್ಸಿಗೆ ಸಮಾಧಾನ ಆಗುವುದಾದರೆ ಇಟ್ಟುಕೊಳ್ಳಿ, ಆದರೆ ಅದನ್ನು ನಂಬಿ ಇಳಿಯುವುದನ್ನು ತಡಮಾಡಬೇಡಿ.

ಯಾವಾಗ ಇಳಿಯಬೇಕು? ತಲೆನೋವಿನ ಜೊತೆ ಓಕರಿಕೆ, ಸುಸ್ತು ಇದ್ದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಅನುಮಾನ ಬಂದರೆ ಟೆಂಟಿನ ಹಗ್ಗವನ್ನು ನೆಲದ ಮೇಲೆ ನೇರ ಎಳೆದಿಟ್ಟು ಅದರ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಹೇಳಿ. ಕುಡಿದವರಂತೆ ತೂರಾಡಿದರೆ ಎತ್ತರದ ಕಾಯಿಲೆ ಮಿದುಳಿಗೆ ತಾಗಿದೆ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶಕ್ಕೆ. ಈ ಎರಡಕ್ಕೂ ಬೆಳಗಾಗಲಿ ಅಂತ ಕಾಯುವಂತಿಲ್ಲ, ಆಗಲೇ ಇಳಿಸಬೇಕು. ಪ್ರಯಾಣ ವಿಮೆ ಮಾಡಿಸುವಾಗ 6,000 ಮೀಟರ್‌ವರೆಗಿನ ಚಾರಣ ಮತ್ತು ಹೆಲಿಕಾಪ್ಟರ್ ಸೇರಿದೆಯಾ ಅಂತ ಸಣ್ಣ ಅಕ್ಷರ ಓದಿ. ಬಹಳ ಪಾಲಿಸಿಗಳು ಅದಕ್ಕಿಂತ ಕೆಳಗೇ ಕೈಬಿಡುತ್ತವೆ.

ಲಡಾಖ್‌ಗೆ ಹೊರಟವರೂ ಇದೇ ರಾತ್ರಿಯ ಲೆಕ್ಕ ಹಾಕಬಹುದು. ವಿಮಾನದಲ್ಲಿ ಹೋದರೆ ಮೊದಲ ರಾತ್ರಿಯೇ ಲೇಹ್, 3,500 ಮೀಟರ್. ಅಲ್ಲಿ ಎರಡು ದಿನ ಮಲಗಿ ಕಳೆಯದೆ ಬೇರೆ ದಾರಿಯಿಲ್ಲ, ಡಯಾಮಾಕ್ಸ್ ಬಗ್ಗೆಯೂ ಡಾಕ್ಟರನ್ನು ಕೇಳಲೇಬೇಕು. ಶ್ರೀನಗರದ ರಸ್ತೆಯಲ್ಲಿ ಕಾರ್ಗಿಲ್‌ನ 2,700 ಮೀಟರ್ ಆಸುಪಾಸಿನಲ್ಲಿ ಒಂದು ರಾತ್ರಿ ಸಿಗುತ್ತದೆ, ದೇಹಕ್ಕೆ ಹಿತ. ಮನಾಲಿ ರಸ್ತೆಯಲ್ಲಿ ಬಹಳ ಜನ ಸರ್ಚುವಿನಲ್ಲಿ ಟೆಂಟ್ ಹಾಕುತ್ತಾರೆ. ಅದು ಲೇಹ್‌ಗಿಂತಲೂ ಎತ್ತರ, 4,200 ಮೀಟರ್ ದಾಟಿದ್ದು. ಮೂರರಲ್ಲಿ ನನಗೆ ಇಷ್ಟವಾಗದ ರಾತ್ರಿ ಅದೇ.

ಬೆಟ್ಟ ಮೊದಲೋ ಸಫಾರಿ ಮೊದಲೋ

ಸಫಾರಿ ಮೊದಲು ಅನ್ನುವವರ ವಾದದಲ್ಲಿ ಹುರುಳಿದೆ. ಗೊರೊಂಗೊರೊ ಅಂಚಿನಲ್ಲಿ ಒಂದೆರಡು ರಾತ್ರಿ ಕಳೆದರೆ ದೇಹ ಸ್ವಲ್ಪ ಹೊಂದಿಕೊಂಡಿರುತ್ತದೆ. ಆದರೆ 2,300 ಮೀಟರ್‌ನಿಂದ ಸಿಗುವ ಲಾಭ ಸಣ್ಣದು. ಎದುರಿಗೆ ಇರುವ ನಷ್ಟ ದೊಡ್ಡದು: ಸಫಾರಿ ವಾರದಲ್ಲಿ ಹೊಟ್ಟೆ ಕೆಟ್ಟರೆ ನೀರು ಬತ್ತಿದ ಮೈಯಲ್ಲಿ ಬೆಟ್ಟ ಶುರು. ಫಾಲ್ಸಿಪಾರಮ್ ಜ್ವರ ಕಚ್ಚಿದ ಏಳು ದಿನದ ನಂತರ, ಸಾಮಾನ್ಯವಾಗಿ ಒಂಬತ್ತರಿಂದ ಹದಿನಾಲ್ಕು ದಿನದೊಳಗೆ ಕಾಣಿಸುತ್ತದೆ. ಅಂದರೆ ಸಫಾರಿಯಲ್ಲಿ ಕಚ್ಚಿಸಿಕೊಂಡದ್ದು, ಮಾತ್ರೆ ತಪ್ಪಿಸಿದ್ದರೆ, ಆಸ್ಪತ್ರೆ ಇಲ್ಲದ ಬರಾಂಕೊದಲ್ಲಿ ಹೊರಬರಬಹುದು. ಬೆಟ್ಟ ಮೊದಲು ಮುಗಿಸಿದರೆ ಸಫಾರಿ ಜೀಪಿನಲ್ಲಿ ಕೂತು ಕಾಲಿಗೆ ವಿಶ್ರಾಂತಿ, ಡಯಾಮಾಕ್ಸ್ ಇಳಿಯುವಾಗಲೇ ನಿಲ್ಲುತ್ತದೆ, ಮಲೇರಿಯಾ ಮಾತ್ರೆ ಒಂದೇ ಉಳಿಯುತ್ತದೆ. ನನ್ನ ಆಯ್ಕೆ ಬೆಟ್ಟ ಮೊದಲು.

ಹೊಟ್ಟೆಗೆ ಓಆರ್‌ಎಸ್ ಪೊಟ್ಟಣ, ಡಾಕ್ಟರು ಬರೆದುಕೊಟ್ಟ ಅಜಿತ್ರೋಮೈಸಿನ್ ಇರಲಿ. ಟೈಫಾಯಿಡ್, ಹೆಪಟೈಟಿಸ್ ಎ, ಟಿಟಿ ಲಸಿಕೆ ಹಳತಾಗಿದ್ದರೆ ಹೊಸದು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಮೈಗೆ ತಾಗಿಸಿಯೇ ಇಟ್ಟುಕೊಳ್ಳಬೇಕು, ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ಹಳದಿ ಜ್ವರದ ಕಾರ್ಡು

ಹಳದಿ ಜ್ವರ ಸೊಳ್ಳೆಯಿಂದ ಹರಡುವ ವೈರಸ್ ರೋಗ, ಕಾರ್ಡು ಅಂದರೆ ಅದರ ಲಸಿಕೆ ಹಾಕಿಸಿಕೊಂಡದ್ದಕ್ಕೆ ಪ್ರಮಾಣಪತ್ರ. ನಮಗೆ ಇದು ರೋಗಕ್ಕಿಂತ ವಿಮಾನದ ದಾರಿಯ ಪ್ರಶ್ನೆ. ಟಾಂಜಾನಿಯಾ ಹಳದಿ ಜ್ವರದ ಅಪಾಯದ ದೇಶಗಳ ಪಟ್ಟಿಯಲ್ಲಿಲ್ಲ, ಆದರೆ ಕೀನ್ಯಾ, ಇಥಿಯೋಪಿಯಾ ಇವೆ. ಬೆಂಗಳೂರು ಅಥವಾ ಮುಂಬೈಯಿಂದ ಹೋಗುವ ಅಗ್ಗದ ಟಿಕೆಟುಗಳು ಎಷ್ಟೋ ಸಲ ಅಡಿಸ್ ಅಬಾಬಾ ಇಲ್ಲವೇ ನೈರೋಬಿ ಮೇಲೆ ಹೋಗುತ್ತವೆ. ಅಲ್ಲಿ 12 ಗಂಟೆಗಿಂತ ಹೆಚ್ಚು ಕಾದರೆ ಟಾಂಜಾನಿಯಾದವರು ಕಾರ್ಡು ಕೇಳುತ್ತಾರೆ. ವಾಪಸು ಬರುವಾಗ ನಮ್ಮ ದೇಶದ ನಿಯಮ ಇನ್ನೂ ಬಿಗಿ. ಅಪಾಯದ ದೇಶದಿಂದ ಆರು ದಿನದೊಳಗೆ ಕಾರ್ಡಿಲ್ಲದೆ ಬಂದಿಳಿದರೆ ಕ್ವಾರಂಟೈನ್‌ನಲ್ಲಿ ಇಡುತ್ತಾರೆ. ಇಲ್ಲಿ ಸೊಳ್ಳೆ ಇದೆ, ವೈರಸ್ ಇಲ್ಲ, ಅದು ಬಾರದಿರಲಿ ಅಂತ. ವಿಮಾನ ನಿಲ್ದಾಣದಿಂದ ಹೊರಗೇ ಹೋಗದವರಿಗೆ ವಿನಾಯಿತಿ ಇದೆ, ಆದರೆ ಅದು ಆರೋಗ್ಯಾಧಿಕಾರಿ ಒಪ್ಪಿದರೆ. ದೋಹಾ, ದುಬೈ ಮೇಲೆ ಹೋದರೆ ಈ ತಲೆನೋವಿಲ್ಲ. ಸೆರೆಂಗೆಟಿ ಮುಗಿಸಿ ಗಡಿಯಾಚೆ ಕೀನ್ಯಾದ ಮಸಾಯಿ ಮಾರಾಗೂ ಹೋಗುವವರಂತೂ ಲಸಿಕೆ ಹಾಕಿಸಿಕೊಳ್ಳಲೇಬೇಕು.

ಒಂದೇ ಚುಚ್ಚುಮದ್ದು, 2016ರಿಂದ ಕಾರ್ಡು ಜೀವಮಾನ ಪೂರ್ತಿ ಸಲ್ಲುತ್ತದೆ. ಆದರೆ ಹಾಕಿಸಿದ 10 ದಿನದ ನಂತರವೇ ಅದಕ್ಕೆ ಬೆಲೆ, ಅದೂ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಹಾಕಿಸಿದ್ದರೆ ಮಾತ್ರ. ಇದು ಜೀವಂತ ವೈರಸ್ಸಿನ ಲಸಿಕೆ. ಅರವತ್ತು ದಾಟಿದವರು, ಮೊಟ್ಟೆ ಅಲರ್ಜಿ ಇರುವವರು, ಬಸುರಿಯರು ಮೊದಲು ಡಾಕ್ಟರ ಹತ್ತಿರ ಕೂತು ಮಾತಾಡಬೇಕು. ಅಪ್ಪ ಅಮ್ಮನನ್ನು ಬರೀ ಸಫಾರಿಗೆ ಕರೆದುಕೊಂಡು ಹೋಗುವುದಾದರೆ ಲಸಿಕೆಗಿಂತ ಟಿಕೆಟ್ ಬದಲಿಸುವುದೇ ಸುಲಭ ಅಲ್ವಾ?

ಊರಿಗೆ ಬಂದ ಮೇಲೆ ಉಳಿದ ಮಲೇರಿಯಾ ಮಾತ್ರೆಗಳನ್ನು ಮುಗಿಸಿ. ಆಮೇಲೂ, ಮೂರು ತಿಂಗಳವರೆಗೆ ಯಾವಾಗ ಜ್ವರ ಬಂದರೂ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಮಳೆಗಾಲವಾದರೆ ನಮ್ಮ ಕ್ಲಿನಿಕ್ಕುಗಳಲ್ಲಿ ಮೊದಲು ಬಾಯಿಗೆ ಬರುವುದು ಡೆಂಗಿ ಅಥವಾ ವೈರಲ್. ಡಾಕ್ಟರು ಕೇಳುವ ಮೊದಲೇ ಆಫ್ರಿಕಾಕ್ಕೆ ಹೋಗಿ ಬಂದೆ, ಇಂಥ ತಾರೀಕಿನಂದು ಮರಳಿದೆ, ಇಂಥ ಮಾತ್ರೆ ತೆಗೆದುಕೊಂಡೆ ಅಂತ ಹೇಳಿ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದೆ ಜ್ವರ ಮುಂದುವರಿದರೆ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯಲ್ಲಿ ಮತ್ತೆ ಮಾಡಿಸಿ.